ಇನ್ನೊಂದ್ಸಲ ಓಡಿ

ಪ್ರೊಫೆಸರ್ ಹಾಪಸಾರಿಯವರಿಗೆ ಒಂದೇ ಸಲ ಕಂಡದ್ದರಲ್ಲಿ ನಂಬಿಕೆಯಿಲ್ಲ. ಮದುವೆಯ ದಿನ ಪಾದ್ರಿಯಿಂದ ಪ್ರಮಾಣವಚನವನ್ನೂ ಎರಡು ಸಲ ಹೇಳಿಸಿದರೆಂದು ಅವರ ಸಹಾಯಕಿ ಸೈಲಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಓಡುವವನ ಸೊಂಟ, ಮೊಣಕಾಲು, ಕಣಕಾಲುಗಳು ಎಷ್ಟು ಹೊಂದಿಕೊಂಡು ಆಡುತ್ತವೆಂದು ಅಳೆಯುವುದು ಅವರ ವಿದ್ಯೆ. ಶುಕ್ರವಾರ ಅಳೆದದ್ದು ಸೋಮವಾರ ಹಾಗೆಯೇ ಬರುವುದಿಲ್ಲ ಎಂಬುದು ಅವರ ಜೀವಮಾನದ ಕೊರಗು. ಅಳೆಯುವ ಯಂತ್ರದ ಕ್ಯಾಮೆರಾಕ್ಕೆ ಕಾಣಲೆಂದು ಚರ್ಮಕ್ಕೆ ಅಂಟಿಸುವ ಹೊಳೆಯುವ ಗುಂಡುಗಳು ಬೆರಳಗಲ ಆಚೀಚೆಯಾದರೂ ಲೆಕ್ಕ ತಲೆಕೆಳಗಾಗುವುದರಿಂದ, ಆ ಜಾಗಗಳ ಸುತ್ತ ಮಸಿಯಲ್ಲಿ ಉಂಗುರ ಬರೆದು, "ಸೋಮವಾರದವರೆಗೂ ಸೌನಾ ಕಡೆ ತಲೆ ಹಾಕಿ ಕೂಡ ಮಲಗ್ಬೇಡಿ" ಎನ್ನುತ್ತಾರೆ. ಫಿನ್ಲೆಂಡಿನವನಿಗೆ ಶನಿವಾರದ ಸೌನಾ, ಅಂದರೆ ಬೆವರಿಳಿಸುವ ಹಬೆಸ್ನಾನ, ಬೇಡವೆನ್ನುವುದು ಉಸಿರಾಡಬೇಡ ಎಂದಂತೆ. "ಸರ್, ಹೆಂಡ್ತಿ ಹತ್ರ ಸೇರಿಸ್ತಿಲ್ಲ" ಎಂದು ಓಟಗಾರ ಗೋಗರೆದರೆ, "ಒಳ್ಳೇದಾಯ್ತು, ಮಸಿ ಅಳಿಸೋದಿಲ್ಲ" ಎನ್ನುವ ಆಸಾಮಿ. ಇಷ್ಟಾಗಿಯೂ ಅಳತೆ ಬೇರೆ ಬಂದರೆ ಅವರು ಯಂತ್ರವನ್ನು ಎಂದೂ ದೂರಿದವರಲ್ಲ. "ನಿನ್ನೆ ಏನ್ ಕುಡಿದ್ರಿ? ಇನ್ನೊಂದ್ಸಲ ಓಡಿ" ಎಂದು ಓಡಿದವನ ನಡತೆಯನ್ನೇ ವಿಚಾರಣೆಗೆ ಎಳೆಯುತ್ತಾರೆ. ಈಚೆಗೆ ಅವರೇ ಎಡಗಾಲನ್ನು ಕೊಂಚ ಎಳೆದು ನಡೆಯುತ್ತಿದ್ದರು. ಕೇಳಿದರೆ ಶೂ ಸರಿಯಿಲ್ಲ ಎನ್ನುತ್ತಿದ್ದರು. ಮೊನ್ನೆ ಕಾಫಿಗೆ ಕೂತಾಗ ಅವರ ಪ್ಯಾಂಟು ಮೇಲೆ ಸರಿದು, ಎಡ ಕಣಕಾಲಿನ ಮೇಲೆ ಒಂದರ ಮೇಲೊಂದು ತಿದ್ದಿ ಬರೆದ ಮಸಿಯ ಉಂಗುರಗಳು ಸೈಲಾಳ ಕಣ್ಣಿಗೆ ಬಿದ್ದವು. ಅವಳು ನಗಲಿಲ್ಲ. "ಎಷ್ಟು ಬಂತು ಸರ್?" ಎಂದಳು ಮೆಲ್ಲಗೆ. "ಪ್ರತಿ ಸಲಾನೂ ಅಷ್ಟೇ ಬರ್ತಿದೆ ಕಣಮ್ಮ," ಎಂದರು ಪ್ರೊಫೆಸರರು, ಪ್ಯಾಂಟನ್ನು ಕೆಳಗೆ ಎಳೆದುಕೊಳ್ಳುತ್ತ. "ಯಂತ್ರ ಕೆಟ್ಟಿರ್ಬೇಕು."