ಕುಂಕುಮ ಹತ್ತಿದ ಕಾದಂಬರಿ

ಆ ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಕಪಾಟಿನಿಂದ ತೆಗೆದಾಗಲೆಲ್ಲ ಇಂಗಿನ ವಾಸನೆಯ ಜೊತೆಗೆ ಗಂಧದ ವಾಸನೆಯೂ ಮೂಗಿಗೆ ಹೊಡೆಯುತ್ತದೆ. ಇಂಗು ಲಲಿತತ್ತೆಯದು, ಗಂಧ ಅಪ್ಪನದು. ಇಷ್ಟು ವರ್ಷಗಳಾದರೂ ಆ ಗಂಧಕ್ಕೆ ನನ್ನ ಮೈ ಉರಿಯುತ್ತದೆ.

ವಡೋದರಾದ ಫತೇಗಂಜಿನಲ್ಲಿ, ಯೂನಿವರ್ಸಿಟಿ ಹುಡುಗರು ಮುತ್ತಿಕೊಳ್ಳುತ್ತಿದ್ದ ನಮ್ಮ ಉಡುಪಿ ಹೋಟೆಲಿನ ಹಿಂದೆಯೇ ನಮ್ಮ ಮನೆ. ಗಂಡ ತೀರಿಕೊಂಡ ಮೇಲೆ ಅಪ್ಪನ ತಂಗಿ ಲಲಿತತ್ತೆ ಕುಂದಾಪುರದಿಂದ ಬಂದು ಹೋಟೆಲಿನ ಅಡುಗೆಮನೆ ಸೇರಿದಳು. ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದಳು, ಪಾಸಾದರೆ ಶಾಲೆಯಲ್ಲೊಂದು ಕೆಲಸ, ತನ್ನದೇ ಒಂದು ಕೋಣೆ. ಅಡ್ಡ ನಿಂತದ್ದು ಇಂಗ್ಲಿಷ್ ಪಠ್ಯವಾಗಿದ್ದ ಈ ಕಾದಂಬರಿ. ಒಂದು ವಾಕ್ಯ ಶುರುವಾದರೆ ಪುಟ ತಿರುವಿದರೂ ಮುಗಿಯುತ್ತಿರಲಿಲ್ಲ. ಅವಳ ಕೈ ಸದಾ ಉದ್ದಿನ ಹಿಟ್ಟಿನಲ್ಲಿ. ಹಾಗಾಗಿ ಇಂಗ್ಲಿಷ್ ಮೀಡಿಯಮ್ಮಿನ ನಾನು ಏನೂ ತಿಳಿಯದೆ ಗಟ್ಟಿಯಾಗಿ ಓದುವುದು, ಅವಳು ಹಿಟ್ಟು ಕಲಸುತ್ತ ಅರ್ಥ ಹುಡುಕುವುದು. "ನಿಲ್ಸ್ ಮಗಾ, ಇವ ಯಾರನ್ನ ಬೈತಿದ್ದ? ಹಿಂದಿಂದ ಓದ್ ಕಾಂಬ" ಎನ್ನುವಳು. ವಾಕ್ಯದ ಮೊದಲಿನಿಂದ ಮತ್ತೆ ಮತ್ತೆ ಓದಿದ ಮೇಲೆ ಒಮ್ಮೆಲೇ ಮುಖವರಳಿಸಿ, "ಅಯ್ಯೋ, ಇವ ಬೈತಿದ್ದದ್ ತನ್ನನ್ನೇ ಮರಾಯ್ತಿ!" ಎಂದು ನಗುವಳು. ನನಗೂ ನಗು ಬರುತ್ತಿತ್ತು.

ಪರೀಕ್ಷೆ ಇದ್ದದ್ದು ದಸರೆ ಮುಗಿದ ಕೂಡಲೇ. ನವರಾತ್ರಿಯೆಂದರೆ ಅಲ್ಲಿ ಗರ್ಬಾ. ಕುಣಿದು ಹಸಿದು ಬಂದವರಿಗೆ ದೋಸೆ ಹೊಯ್ದಷ್ಟೂ ಸಾಲದು. ನಮ್ಮ ಕಡೆ ಪುಸ್ತಕ ಪೂಜೆಗಿಡುವುದು ಕೊನೆಯ ದಿನಗಳಲ್ಲಿ, ದಶಮಿಗೆ ತೆಗೆಯುವವರೆಗೆ ಓದುವಂತಿಲ್ಲ. ಅಪ್ಪ ಮಾತ್ರ ಆ ವರ್ಷ ಪಾಡ್ಯದ ಬೆಳಿಗ್ಗೆಯೇ ಈ ಕಾದಂಬರಿಯನ್ನು ಶಾರದೆಯ ಮುಂದಿಟ್ಟು ಗಂಧ, ಕುಂಕುಮ ಹಚ್ಚಿಬಿಟ್ಟರು. ಉಳಿದದ್ದು ಒಂದೇ ಅಧ್ಯಾಯ! "ಪೂಜಿಗಿಟ್ಟದ್ ಮುಟ್ಟುಕಾಗ. ದೋಸಿ ಹೊಯ್ಯಿ, ಗಿರಾಕಿ ಕಾಯ್ತಿದ್ರ್" ಎಂದರು. ಕದ್ದು ತರುತ್ತೇನೆಂದೆ ನಾನು. "ಬ್ಯಾಡ ಮಗಾ, ಸರಸ್ವತಿ ಅಲ್ದಾ" ಎಂದು ಹಿಟ್ಟಿನ ಕೈಯಲ್ಲೇ ಕೈಮುಗಿದಳು. ತಂಗಿಯ ಓದು ಕದಿಯುವುದಕ್ಕೆ ವಿದ್ಯೆಯ ದೇವಿಯನ್ನೇ ಕಾವಲಿಗೆ ಕೂರಿಸಿದ ಮನುಷ್ಯನನ್ನು ಏನೆಂದು ಕರೆಯಬೇಕು, ನೀವೇ ಹೇಳಿ.

ಪರೀಕ್ಷೆಯಲ್ಲಿ ಕೇಳಿದ್ದು ಆ ಕೊನೆಯ ಅಧ್ಯಾಯವನ್ನೇ. ಅತ್ತೆ ಇಂಗ್ಲಿಷಿನಲ್ಲಿ ಫೇಲಾದಳು. "ಎಲ್ಲರಿಗೂ ಸರಸ್ವತಿ ಒಲಿತ್ಲಾ?" ಎಂದು ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಕ್ಕರು. ಆ ನಗುವನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅತ್ತೆ ಮತ್ತೆಂದೂ ಈ ಪುಸ್ತಕ ಮುಟ್ಟಲಿಲ್ಲ. ಸಾಯುವವರೆಗೂ ಹಿಟ್ಟು ಕಲಸಿದಳು.

ಹೋಟೆಲಿದ್ದಲ್ಲಿ ಈಗ ಮೊಬೈಲ್ ಅಂಗಡಿ. ಜಗಳವಾಡೋಣವೆಂದರೆ ಅಪ್ಪನೂ ಇಲ್ಲ. ಈ ವರ್ಷ ಪಾಡ್ಯದ ಬೆಳಿಗ್ಗೆ, ಅಹಮದಾಬಾದಿನ ನನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಕೂತು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಒಂದು ವಾಕ್ಯದ ಹತ್ತಿರ ಏನೂ ತಿಳಿಯದೆ ನಿಂತೆ. "ಹಿಂದಿಂದ ಓದ್ ಕಾಂಬ" ಎಂದು ನನಗೆ ನಾನೇ ಹೇಳಿಕೊಂಡು, ವಾಕ್ಯದ ಮೊದಲಿನಿಂದ ಮತ್ತೆ ಓದಿದೆ.