ಸಂತೆಯಲ್ಲಿ ಬಿಚ್ಚುತ್ತಿದ್ದ ಪಾರ್ಸೆಲ್ಲುಗಳು

ಗೋಕಾಕದ ನಮ್ಮ ಪಾರ್ಸೆಲ್ ಗೋದಾಮಿಗೆ ದಾರಿ ಹೇಳುವ ತಂತ್ರಾಂಶ ಬಂದಾಗ ಅದನ್ನು ಮನಸಾರೆ ಸ್ವಾಗತಿಸಿದ ಚಾಲಕ ಬಹುಶಃ ನಾನೊಬ್ಬನೇ. ಅದಕ್ಕೂ ಮೊದಲು ಬೆಳಗಿನ ಹಂಚಿಕೆ ಗಂಟಲಿನ ಬಲದ ಮೇಲೆ ನಡೆಯುತ್ತಿತ್ತು. ಜೋರಾಗಿ ಮಾತನಾಡುವವರಿಗೆ ಪೇಟೆಯ ಓಣಿಗಳು, ಮೆತ್ತಗಿದ್ದವರಿಗೆ ಹುಕ್ಕೇರಿ ಕಡೆಯ ದೂರದ ಹಳ್ಳಿಗಳು. ಒಂದೇ ಊರಿನಲ್ಲಿ ಯಾವ ಮನೆಗೆ ಮೊದಲು, ಯಾವುದಕ್ಕೆ ಕೊನೆಗೆ ಎಂಬುದೂ ಚಾಲಕನ ಮರ್ಜಿಗೆ ಬಿಟ್ಟದ್ದು. ನಮ್ಮದು ಊರಂಚಿನ ಬೌದ್ಧ ಮನೆತನಗಳ ಓಣಿ. ಬರುವುದೆಲ್ಲ ಊರು ಸುತ್ತಿ ಕಡೆಗೆ ನಮ್ಮ ಓಣಿಗೆ ಬರುವುದನ್ನು ನೋಡಿಯೇ ಬೆಳೆದವನು ನಾನು. ತಂತ್ರಾಂಶ ಅಳೆಯುತ್ತಿದ್ದುದು ದೂರವನ್ನು ಮಾತ್ರ. ಘೋಡಗೇರಿಯಲ್ಲಿ ಅಂಥದೇ ಒಂದು ಓಣಿ ಸರದಿಯ ತಲೆಯಲ್ಲಿ ಮೂಡಿದ ದಿನ, ಗಾಡಿ ನಿಲ್ಲಿಸಿ ಮೊಬೈಲಿನ ಪರದೆಯನ್ನು ಎರಡೆರಡು ಸಲ ನೋಡಿದ್ದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಈ ಪಕ್ಷವನ್ನೂ ಗೋದಾಮಿನ ಬಾಗಿಲಲ್ಲಿ ನಿಂತು ಆವೇಶದಿಂದಲೇ ಮಂಡಿಸುತ್ತಿದ್ದೆ. ಜೊತೆಯವರು ನನ್ನನ್ನು ‘ವಕೀಲ’ ಎಂದು ಕರೆದು ನಗುತ್ತಿದ್ದರು. ಆ ಹೆಸರನ್ನು ಮೊದಲು ಇಟ್ಟವರು ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯ ಚಾಲಕರು. ಕಲ್ಲೋಳಿಯ ಸುತ್ತ ಹೊಲಗಳ ನಡುವೆ ಚದುರಿಕೊಂಡಿರುವ ತೋಟದ ಮನೆಗಳೆಲ್ಲ ಅವರ ಪಾಲಿಗೆ ಸೇರಿದ್ದವು.

ನಾನು ಕೆಲಸ ಕಲಿತದ್ದು ಅವರ ಗಾಡಿಯಲ್ಲಿ ಕುಳಿತು. ಮೂಡಲಗಿಯ ಸಂತೆಯ ದಿನಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಆ ದಿನ ತೋಟದ ಮನೆಗಳಿಗೆಲ್ಲ ಬೀಗ, ಮನೆಯವರೆಲ್ಲ ಸಂತೆಯಲ್ಲಿ. ಆದ್ದರಿಂದ ಕಾಕಾ ತೋಟಗಳತ್ತ ಹೊರಳದೆ ನೆಟ್ಟಗೆ ಸಂತೆಗೆ ಹೋಗಿ, ಬೇವಿನ ಮರದಡಿ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆಯುತ್ತಿದ್ದರು. ಕೂಗಿ ಕರೆಯುವ ಅಗತ್ಯವಿರಲಿಲ್ಲ.

“ಕಾಕಾ, ನಮ್ದು ಬಂದೈತೇನ್ರಿ?”

“ಬಂದೈತಿ ಬಾ ತಂಗಿ. ಕೈಯಾಗಿನ ಮೆಣಸಿನಕಾಯಿ ಇಟ್ಟ ಮುಟ್ಟು. ಸೀರಿ ಘಾಟ ಹೊಡದ್ರ ನನಗ ಬೈಬ್ಯಾಡ.”

ಪಾರ್ಸೆಲ್ಲನ್ನು ಅಲ್ಲೇ ಬಿಚ್ಚುವುದು ಸಂತೆಯ ರೂಢಿಯಾಗಿತ್ತು. ಬಿಚ್ಚಿದ ಕೂಡಲೇ ಸುತ್ತ ಹತ್ತಾರು ತಲೆಗಳು. ಒಮ್ಮೆ ಒಬ್ಬಾಕೆ ಸೀರೆಯನ್ನು ಬಿಸಿಲಿಗೆ ಹಿಡಿದು ಮುಖ ಸಣ್ಣದು ಮಾಡಿದಳು.

“ಮೊಬೈಲಿನ್ಯಾಗ ಕೆಂಪ ಇತ್ತು. ಇಲ್ಲಿ ನೋಡಿದ್ರ ಬದನಿಕಾಯಿ ಬಣ್ಣ!”

“ಇರ್ಲಿ ಬಿಡವಾ, ನಿನ್ನ ಮೈಬಣ್ಣಕ್ಕ ಇದ ಚಲೋ,” ಎಂದ ಬಾಜೂ ಕುಳಿತಿದ್ದ ಉಳ್ಳಾಗಡ್ಡಿ ವ್ಯಾಪಾರಿ.

“ನೀ ಮೊದಲ ನಿನ್ನ ತಕ್ಕಡಿ ನೋಡ್ಕೋ. ನನ್ನ ಬಣ್ಣ ಆಮ್ಯಾಲ ನೋಡುವಂತಿ.”

ಸೆರಗನ್ನು ಬೆರಳಲ್ಲಿ ಉಜ್ಜಿ ನೋಡುವ ಮುದುಕಿಯರು, ಅಂಚಿಗೆ ಹೆಸರಿಡುವ ಓರಗಿತ್ತಿಯರು. ಸೀರೆ ಉಳಿಯಬೇಕೋ ಮರಳಬೇಕೋ ಎಂಬುದನ್ನು ಸಂತೆಯೇ ತೀರ್ಮಾನಿಸುತ್ತಿತ್ತು. ಎಲ್ಲರೂ ಬೇಡವೆಂದರೆ ಅದು ಅಲ್ಲೇ ಮಡಿಕೆಯಾಗಿ ಗಾಡಿಗೆ ಮರಳುತ್ತಿತ್ತು. ಕಾಕಾ ನಡುವೆ ನಿಂತು, ಮದುವೆಯ ಮನೆಯ ಹಿರಿಯರಂತೆ ಸುಮ್ಮನೆ ನಗುತ್ತಿದ್ದರು.

ಹೊಸ ವ್ಯವಸ್ಥೆಯಲ್ಲಿ ಇದಕ್ಕೆ ಎಡೆಯಿರಲಿಲ್ಲ. ‘ತಲುಪಿತು’ ಎಂಬ ಗುಂಡಿ ಗ್ರಾಹಕರ ಮನೆಯ ಹತ್ತಿರ ಹೋದಾಗ ಮಾತ್ರ ಒತ್ತಲು ಬರುತ್ತಿತ್ತು. ಜೊತೆಗೆ ಒಂದು ಫೋಟೋ ಬೇಕಿತ್ತು. ಕಾಕಾ ಎರಡನ್ನೂ ನಿಭಾಯಿಸಲು ತಮ್ಮದೇ ದಾರಿ ಹುಡುಕಿದರು. ಸಂತೆಯ ದಿನ ಬೆಳಿಗ್ಗೆ ಒಂದೊಂದೇ ತೋಟದ ಮನೆಗೆ ಹೋಗಿ, ಹೊಸ್ತಿಲ ಮೇಲೆ ಪಾರ್ಸೆಲ್ ಇಟ್ಟು, ಫೋಟೋ ತೆಗೆದು, ಗುಂಡಿ ಒತ್ತಿ, ಪಾರ್ಸೆಲ್ಲನ್ನು ಮತ್ತೆ ಗಾಡಿಗೆ ಹಾಕಿಕೊಂಡು ಸಂತೆಗೆ ಒಯ್ದು ಕೊಡತೊಡಗಿದರು. ಫೋಟೋದಲ್ಲಿ ಬೀಗ ಹಾಕಿದ ಬಾಗಿಲು, ಪಾರ್ಸೆಲ್, ಅದನ್ನು ಮೂಸುತ್ತಿರುವ ಆ ಮನೆಯ ನಾಯಿ.

ಒಂದು ದಿನ ಮುಖ್ಯ ಕಚೇರಿಯಿಂದ ಗ್ರಾಹಕಿಯೊಬ್ಬಳಿಗೆ ವಿಚಾರಣೆಯ ಕರೆ ಹೋಯಿತು. ಆಕೆ ಕಾಕಾರನ್ನು ಹೊಗಳುವ ಹುರುಪಿನಲ್ಲಿ, “ಮನಿ ತನಕ ಎಲ್ಲಿ ಬರ್ತಾರ್ರಿ? ಸಂತ್ಯಾಗ ನನ್ನ ಹುಡಿಕ್ಯಾಡಿ ಕೈಯಾಗ ಕೊಟ್ಟಾರ,” ಎಂದಳು. ಅದು ಸುಳ್ಳು ದಾಖಲೆ ಎಂದು ನೋಟಿಸು ಬಂತು. ಇನ್ನೊಬ್ಬಾಕೆಯೂ ಅದನ್ನೇ ಹೇಳಿ ಎರಡನೆಯದು ಬಂತು. ಮೂರನೆಯದು ಬಂದರೆ ಕಾಕಾರ ಐಡಿ ಬಂದ್. ಅವರ ವಯಸ್ಸಿಗೆ ಗಾಡಿಯ ಕೀಲಿಕೈ ಕೊಡುವವರು ಬೇರೆ ಯಾರೂ ಇರಲಿಲ್ಲ.

“ಅಲ್ಲೋ ವಕೀಲಾ, ನಾ ಏನ್ ಕಳವು ಮಾಡೇನಿ? ಯಾರ್ದು ಅವರ ಕೈಯಾಗ ಕೊಟ್ಟೇನಿ,” ಎಂದರು ಕಾಕಾ.

“ಖರೆ ಐತ್ರಿ ಕಾಕಾ. ಆದ್ರ ಕೊಡೂಕಿಂತ ಮೊದಲ ಕೊಟ್ಟೇನಿ ಅಂತ ಒತ್ತೀರಲ್ಲ?”

“ನಿಮ್ಮ ಮಷೀನಿಗೆ ಸಂತಿ ಅಂದ್ರೇನ ಗೊತ್ತಿಲ್ಲ. ಅದಕ ನಾ ಏನ್ ಮಾಡ್ಲಿ?”

‘ನಿಮ್ಮ’ ಎಂದಾಗ ಅವರ ಬೆರಳು ನನ್ನತ್ತಲೇ ಚಾಚಿತ್ತು. ಆ ಯಂತ್ರದ ಪರವಾಗಿ ವಾದಿಸಿದವನು ಅದರೊಂದಿಗೂ ವಾದಿಸಬೇಕಾದದ್ದು ನ್ಯಾಯವೇ. ಮರುದಿನ ನಾನು ಮ್ಯಾನೇಜರರ ಕೋಣೆಗೆ ಹೋದೆ. ಅವರು ತಂತ್ರಾಂಶದ ಅಧಿಕಾರಿಗೆ ಕರೆ ಮಾಡಿ ಫೋನನ್ನು ಮೇಜಿನ ಮೇಲಿಟ್ಟರು.

“ಮೇಡಂ, ನಿಯಮ ಮುರಿಯುವುದು ನಮ್ಮ ಉದ್ದೇಶವಲ್ಲ,” ಎಂದು ನಾನು ಆರಂಭಿಸಿದೆ. “ಯಾವ ನಿಯಮವು ಒಬ್ಬ ಪ್ರಾಮಾಣಿಕನನ್ನು ಸುಳ್ಳು ಹೇಳುವ ಸ್ಥಿತಿಗೆ ತಳ್ಳುತ್ತದೆಯೋ, ಆ ನಿಯಮ ತನ್ನನ್ನು ತಾನೇ...”

“ಭಾಷಣ ಸಾಕಪಾ,” ಎಂದರು ಮ್ಯಾನೇಜರು. “ಏನ್ ಬೇಕು ಅದನ್ನ ಹೇಳು.”

ಎರಡು ಬೇಡಿಕೆಗಳನ್ನಿಟ್ಟೆ. ಸಂತೆಯಲ್ಲಿ ಕೈಗೆ ಕೊಟ್ಟದ್ದನ್ನೂ ತಲುಪಿತೆಂದು ಒಪ್ಪಬೇಕು. ಅದಾಗದಿದ್ದರೆ, ಸಂತೆಯ ದಿನವನ್ನು ಆ ತೋಟದ ಮನೆಗಳಿಗೆ ರಜೆಯೆಂದು ಗುರುತಿಸಬೇಕು. ಎರಡರಲ್ಲಿ ಯಾವುದಾದರೂ ಸರಿ, ಹಳೆಯ ನೋಟಿಸುಗಳು ರದ್ದಾಗಬೇಕು.

“ಮೊದಲನೆಯದು ಸಾಧ್ಯವಿಲ್ಲ. ಎರಡನೆಯದು ಸುಲಭ, ಇವತ್ತೇ ಮಾಡ್ತೀನಿ,” ಎಂದರು ಆಕೆ. ನೋಟಿಸುಗಳೂ ಹೋದವು.

ನಾನು ಹೆಚ್ಚುಕಡಿಮೆ ಓಡುತ್ತಲೇ ಹೊರಗೆ ಬಂದೆ. “ಗೆದ್ದೇವ್ರಿ ಕಾಕಾ! ಇನ್ನ ನಿಮ್ಮ ಐಡಿಗೆ ಯಾರೂ ಕೈ ಹಚ್ಚೂದಿಲ್ಲ. ಸಂತಿ ದಿನ ಕಲ್ಲೋಳಿ ಕಡೆ ಹೋಗೂದ ಬ್ಯಾಡ.”

ಅವರು ಎದ್ದು ನನ್ನ ಬೆನ್ನು ತಟ್ಟಿದರು. ಕಣ್ಣುಗಳು ತುಂಬಿದ್ದವು. ಆಮೇಲೆ ಕೇಳಿದರು: “ಹಂಗಾರ ಸಂತಿ ದಿನ ನಾ ಎಲ್ಲಿಗ್ಯೋ?”

“ಯಮಕನಮರಡಿಗ್ರಿ. ಆ ದಿನಕ್ಕ ಮೇಡಂ ಅಲ್ಲಿ ಸರದಿ ಹಾಕ್ಯಾರ.”

“ಹೌದು, ಅಲ್ಲಿ ಅಂಗಡಿ ಅದಾವು,” ಎಂದರು. “ಬಾಗಲಾ ತೆರದ ಇರ್ತಾವು.”

ಆ ವಾದವನ್ನು ಇಂದು ಮತ್ತೆ ಮಂಡಿಸಬೇಕಾಗಿ ಬಂದರೂ ಅದನ್ನೇ ಮಂಡಿಸುತ್ತೇನೆ. ಕಾಕಾರ ಕೆಲಸ ಉಳಿಯಿತು. ಅವರು ಈಗಲೂ ನಮ್ಮೊಂದಿಗಿದ್ದಾರೆ. ಆದರೂ ಅದಾದ ಮೇಲಿನ ಮೊದಲ ಸಂತೆಯ ದಿನ ನೆನಪಾಗುತ್ತದೆ. ನನ್ನ ಗಾಡಿ ಗ್ಯಾರೇಜಿನಲ್ಲಿದ್ದುದರಿಂದ ಅವರ ಜೊತೆಗೇ ಹೊರಟಿದ್ದೆ. ಹೆದ್ದಾರಿಯ ಬದಿಯಲ್ಲಿ ಅವರ ಫೋನು ರಿಂಗಣಿಸಿತು.

“ಕಾಕಾ, ಎಲ್ಲದೀರಿ? ನಾವೆಲ್ಲಾ ಇಲ್ಲೇ ನಿಂತೇವಿ.”

“ನಾ ಯಮಕನಮರಡ್ಯಾಗ ಅದೇನಿ ತಂಗಿ. ನಾಳೆ ನಿನ್ನ ಮನಿಗೇ ತರ್ತೇನಿ.”

“ಮನ್ಯಾಗ ನೋಡಾಕ ಯಾರ ಅದಾರ್ರಿ? ನಮ್ಮ ಮನಿಯವರಿಗೆ ಹಸರು ಯಾವ್ದು ನೀಲಿ ಯಾವ್ದು ತಿಳಿಯೂದಿಲ್ಲ!”

ಕಾಕಾ ಜೋರಾಗಿ ನಕ್ಕು ಫೋನು ಇಟ್ಟರು. ಪರದೆ ಮುಂದಿನ ಅಂಗಡಿ ತೋರಿಸಿತು. ಅಂಗಡಿಯವನು ಡಬ್ಬಿಯನ್ನು ತೆಗೆದುಕೊಂಡು, ಬಿಚ್ಚದೆಯೇ ಮೂಲೆಗೆ ಸರಿಸಿ ಗಿರಾಕಿಯ ಕಡೆ ತಿರುಗಿದ. ಗುಂಡಿ ಒತ್ತಿಯಾಗಿತ್ತು, ಫೋಟೋ ಆಗಿತ್ತು. ಆದರೂ ಕಾಕಾ, ಇನ್ನೇನೋ ಬಾಕಿಯಿದೆ ಎಂಬಂತೆ, ಅಂಗಡಿಯ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತೇ ಇದ್ದರು.