ಜಗಲಿಯ ಚಾಪೆ

ನಿಲ್ಲಲಿಲ್ಲ. ಕಾಯಿಲೆ ಶುರುವಾಗಿದ್ದು ಹಾಗೆ. ಪ್ರತಿ ತಿಂಗಳು ಬರುವ ಮುಟ್ಟು ಆ ಸಲವೂ ಬಂತು. ಬಂದದ್ದು ಹೋಗಲಿಲ್ಲ.

ಅದು ಹೊಗೆಸೊಪ್ಪು ಮುರಿಯುವ ಕಾಲ. ವೀರನಹೊಸಹಳ್ಳಿ ಕಡೆಯ ನಮ್ಮೂರಿನಲ್ಲಿ ಆಗ ಎಲ್ಲರಿಗೂ ಸೊಪ್ಪು ಹದಮಾಡುವ ಗೂಡು, ಬ್ಯಾರನ್ನಿನದೇ ಧ್ಯಾನ. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿ, ಬೆಂಕಿಯ ಕಾವಿನಲ್ಲಿ ಹದಕ್ಕೆ ಬರುವವರೆಗೆ ಗಂಡಸರಿಗೆ ಹೆಂಡತಿ ಇದ್ದಾಳೋ ಸತ್ತಳೋ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ಮುಟ್ಟಾದವರು ಒಳಗೆ ಬರುವಂತಿಲ್ಲ. ಜಗಲಿಯ ಮೂಲೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಮೂರು ದಿನಕ್ಕೆಂದು ಮಾಡಿದ ಪದ್ಧತಿ. ಮೂರು ದಿನಕ್ಕೆ ಮುಗಿಯದಿದ್ದರೆ ಏನು ಮಾಡಬೇಕೆಂದು ಯಾವ ಹಿರಿಯರೂ ಯೋಚಿಸಿಟ್ಟಿರಲಿಲ್ಲ. ಹಾಗಾಗಿ ಮಳೆಗಾಲ ಪೂರ್ತಿ ನಾನು ಅಲ್ಲೇ. ಇರಚಲು ಹೊಡೆದರೆ ಚಾಪೆ ಗೋಡೆ ಕಡೆಗೆ, ಬಿಸಿಲು ಬಂದರೆ ಆಚೆಗೆ. ಬಟ್ಟೆ ಒಗೆದು ಒಗೆದು ಕೈ ಸೋತಿತ್ತು.

“ಅತ್ತೆ, ತಲೆ ಸುತ್ತುತ್ತೆ,” ಎಂದರೆ ಅತ್ತೆ ಬಾಗಿಲೊಳಗಿಂದಲೇ, “ನಿಂತ್ ಮ್ಯಾಲೆ ತಲೆಗ್ ನೀರ್ ಉಯ್ಕೊ, ಸರೋಯ್ತದೆ ಕಣವ್ವ,” ಎನ್ನುತ್ತಿದ್ದರು. ಕೆಟ್ಟವರಲ್ಲ. ಬಿಸಿ ಮುದ್ದೆ ತಂದು ಮೇಲಿಂದ ತಟ್ಟೆಗೆ ಹಾಕಿ, ಸಾರು ಧಾರಾಳವಾಗಿ ಬಿಡುತ್ತಿದ್ದರು. ಆದರೆ ಅವರ ಲೆಕ್ಕದಲ್ಲಿ ನಾನು ಹೊರಗಾದವಳು, ಕಾಯಿಲೆಯವಳಲ್ಲ. ಜ್ವರ ಬಂದಿದ್ದರೆ ಹುಣಸೂರಿನ ಆಸ್ಪತ್ರೆಗೆ ಅವರೇ ಎಳೆದುಕೊಂಡು ಹೋಗುತ್ತಿದ್ದರು. ಮುಟ್ಟಿಗೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ?

ನನ್ನನ್ನು ರೋಗಿಯೆಂದು ಮೊದಲು ಕಂಡವಳು ಅಫ್ಘಾನಿಸ್ತಾನದವಳು.

ನಸ್ರೀನ್ ಮೈಸೂರಿನಲ್ಲಿ ಸಮಾಜಕಾರ್ಯ ಓದುತ್ತಿದ್ದಳು. ಫೀಲ್ಡ್‌ವರ್ಕ್‌ಗೆಂದು ನಮ್ಮೂರ ಮಹಿಳಾ ಸಂಘಕ್ಕೆ ಬರುತ್ತಿದ್ದಳು. ಕನ್ನಡವನ್ನು ಪುಸ್ತಕದಿಂದ ಕಲಿತವಳು, ಬಾಯಿ ಬಿಟ್ಟರೆ ರೇಡಿಯೋ ವಾರ್ತೆ ಕೇಳಿದ ಹಾಗಿರುತ್ತಿತ್ತು. ನಾನು ಸಭೆಗೆ ಬರುತ್ತಿಲ್ಲವೆಂದು ಮನೆಗೇ ಹುಡುಕಿಕೊಂಡು ಬಂದಳು.

“ಮಂಜುಳಕ್ಕ, ನೀವು ಏಕೆ ಹೊರಗೆ ಕುಳಿತಿದ್ದೀರಿ?”

“ಮುಟ್ಟು ಕಣಮ್ಮ.”

“ಹಿಂದಿನ ಬಾರಿ ನಾನು ಈ ಬೀದಿಯಲ್ಲಿ ಹೋದಾಗಲೂ ಇಲ್ಲಿಯೇ ಇದ್ದಿರಿ.”

“ಆಗ್ಲೂ ಮುಟ್ಟೇ.”

ಅವಳು ಚಪ್ಪಲಿ ಕಳಚಿ ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಒಳಗಿಂದ ಅತ್ತೆ, “ಅಯ್ಯಯ್ಯೋ, ಮುಟ್ಬ್ಯಾಡ ಕಣವ್ವ!” ಎಂದು ಕೂಗಿದರು. ಅವಳು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

“ಇದು ಮುಟ್ಟು ಅಲ್ಲ. ನನ್ನ ತಾಯಿ ಹೀಗೆಯೇ ಸತ್ತರು.”

ಮರುದಿನ ನನ್ನನ್ನು ಆಸ್ಪತ್ರೆಗೆ ಹೊರಡಿಸಿ, ಹುಣಸೂರಿನ ಬಸ್ಸಿನಲ್ಲಿ ಅವಳು ಅದನ್ನೆಲ್ಲ ಹೇಳಿದಳು. ಅವಳು ಹುಡುಗಿಯಾಗಿದ್ದಾಗ ಕಾಬೂಲಿನಲ್ಲಿ ಬಂದೂಕಿನವರ ಆಳ್ವಿಕೆ, ಹೆಂಗಸು ಮನೆಯ ಗಂಡಸಿಲ್ಲದೆ ಬೀದಿಗೆ ಕಾಲಿಡುವಂತಿರಲಿಲ್ಲವಂತೆ. ತಂದೆ ಯುದ್ಧದಲ್ಲಿ ಹೋಗಿದ್ದರು, ಅಣ್ಣತಮ್ಮಂದಿರಿಲ್ಲ. ರಕ್ತ ಸೋರುತ್ತಿದ್ದ ತಾಯಿಯನ್ನು ನಡೆಸಿಕೊಂಡು ಹೋದವಳನ್ನು ಆಸ್ಪತ್ರೆಯ ಗೇಟಿನಲ್ಲೇ ತಡೆದು ವಾಪಸ್ಸು ಕಳಿಸಿದರು. ತಾಯಿ ಹೋದ ಮೇಲೆ ಇವಳು ಸುಮ್ಮನೆ ಕೂರಲಿಲ್ಲ. ಬೀದಿಯ ಕೊನೆಯ ಮನೆಯ ಮುದುಕನನ್ನು ಒಪ್ಪಿಸಿದಳು. ಯಾವ ಹೆಂಗಸಿಗೆ ಕಾಯಿಲೆಯಾದರೂ ಆತ ಅವಳ ಚಿಕ್ಕಪ್ಪನಾಗಿ ಮುಂದೆ ನಡೆಯುವುದು, ಇವಳು ರೋಗಿಯ ಕೈ ಹಿಡಿದು ಹಿಂದೆ ನಡೆಯುವುದು. ಹೀಗೆ ಹೋದ ಮನೆಗಳಲ್ಲೇ ಪರದೆ ಎಳೆದು ಹುಡುಗಿಯರಿಗೆ ಅಕ್ಷರ ಕಲಿಸಿದಳು. ಸಿಕ್ಕಿಬಿದ್ದಾಗ ಬೀದಿಯಲ್ಲಿ ನಿಲ್ಲಿಸಿ ಹೊಡೆದರಂತೆ. ಮುಂಗೈ ಮೇಲಿನ ಬರೆ ತೋರಿಸಿದಳು.

“ನಮ್ ದೇಶ್ದಲ್ಲಿ ಅಂಗೆಲ್ಲ ಇಲ್ಲ ಬುಡಮ್ಮ,” ಎಂದೆ, ಸ್ವಲ್ಪ ಜಂಬದಿಂದಲೇ.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದರು. ಗರ್ಭಕೋಶದಲ್ಲಿ ಫೈಬ್ರಾಯ್ಡ್, ದೊಡ್ಡ ಗೆಡ್ಡೆ. ಹಿಮೋಗ್ಲೋಬಿನ್ ನೋಡಿ ಲೇಡಿ ಡಾಕ್ಟರು, “ಇದರಲ್ಲಿ ನೀವು ನಡ್ಕೊಂಡು ಹೇಗ್ರೀ ಬಂದ್ರಿ?” ಎಂದರು. ಮೊದಲು ರಕ್ತ ಏರಿಸಬೇಕು. ಆಮೇಲೆ ಆಪರೇಷನ್. ಗರ್ಭಕೋಶ ತೆಗೆಯಬೇಕು.

“ನಿಮ್ಮನೆಯವರು ಎಲ್ಲಿ? ಅವರ ಸೈನ್ ಬೇಕು.”

ಕಾಯಿನ್ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ ನನ್ನ ಗಂಡನನ್ನು ಕರೆಸಿದೆ. “ಬ್ಯಾರನ್‌ಗೆ ಬೆಂಕಿ ಇಕ್ಕಿವ್ನಿ. ಬುಟ್ ಬಂದ್ರೆ ಸೊಪ್ಪು ಕರ್ರಗಾಯ್ತದೆ,” ಎಂದರು. ಮತ್ತೆ, “ಅದ್ನೇ ತೆಗ್ದಾಕ್ಬುಟ್ರೆ ಗಂಡ್ಮಗ ಎಲ್ಲಿಂದ ಬಂದದು? ಅವ್ವುನ್ನ ಒಂದ್ ಮಾತ್ ಕೇಳನ ತಡಿ,” ಎಂದರು. ನನಗೆ ಇಬ್ಬರು ಹೆಣ್ಣುಮಕ್ಕಳು. ಮೂರನೆಯದಕ್ಕೆ ಈ ದೇಹದಲ್ಲಿ ರಕ್ತವೇ ಇರಲಿಲ್ಲ. ರಿಸೀವರ್ ಕುಕ್ಕಿದೆ.

ಹೊರಗೆ ಬೆಂಚಿನ ಮೇಲೆ ನಸ್ರೀನ್ ಎಲ್ಲ ಕೇಳಿಸಿಕೊಂಡಳು. ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದ ಮುದುಕನೊಬ್ಬನ ಕಡೆ ನೋಡಿ ಮೆಲ್ಲಗೆ, “ಇಲ್ಲಿಯೂ ಒಬ್ಬ ಚಿಕ್ಕಪ್ಪನನ್ನು ಹುಡುಕೋಣವೇ?” ಎಂದಳು.

ಇಬ್ಬರಿಗೂ ನಗು ಬಂತು. ನಕ್ಕಾಗ ಇನ್ನಷ್ಟು ರಕ್ತ ಹೋಯಿತು. ಆಮೇಲೆ ಕೋಪ ಬಂತು ನೋಡಿ, ಅಂಥ ಕೋಪ ಜನ್ಮದಲ್ಲಿ ಬಂದಿರಲಿಲ್ಲ. ಕಾಬೂಲಿನಲ್ಲಿ ಬಂದೂಕಿತ್ತು. ಅವಳು ಗಂಡಸನ್ನು ಕಡ ತಂದಳು, ಸರಿ. ಹುಣಸೂರಿನಲ್ಲಿ ನನ್ನನ್ನು ತಡೆದಿರುವುದು ಏನು? ಪಿಯುಸಿ ಓದಿದವಳು ನಾನು. ಓಟು ಹಾಕುತ್ತೇನೆ, ಸಂಘದ ಚೆಕ್ಕಿಗೆ ಸೈನ್ ಹಾಕುತ್ತೇನೆ. ನನ್ನ ಹೊಟ್ಟೆಗೆ ಮಾತ್ರ ಇನ್ನೊಬ್ಬರ ರುಜು ಬೇಕೇ?

ಸೀದಾ ಡಾಕ್ಟರ ರೂಮಿಗೆ ನುಗ್ಗಿದೆ.

“ನಾನೇ ಸೈನ್ ಹಾಕ್ತೀನಿ ಮೇಡಂ.”

“ನಾಳೆ ನಿಮ್ಮನೆಯವರು ಬಂದು ಗಲಾಟೆ ಮಾಡಿದ್ರೆ?”

“ನೀವು ಬ್ಯಾಡ ಅಂದ್ರೆ ಇವತ್ತೇ ನಾನು ಗಲಾಟೆ ಮಾಡ್ತೀನಿ. ಇಲ್ಲೇ ಕೂತ್ಕೊತೀನಿ. ರಕ್ತ ಹೋದ್ರೆ ನಿಮ್ ರೂಮಲ್ಲೇ ಹೋಗ್ಲಿ.”

ಕೂತೇಬಿಟ್ಟೆ. ಡಾಕ್ಟರು ನನ್ನನ್ನು ನೋಡಿದರು, ನನ್ನ ಸೀರೆ ನೋಡಿದರು. ನರ್ಸನ್ನು ಕರೆದು ಕಾಗದ ತರಿಸಿದರು. ಸಾಕ್ಷಿಗೆ ನಸ್ರೀನ್ ತನ್ನ ಲಿಪಿಯಲ್ಲಿ ಬಲದಿಂದ ಎಡಕ್ಕೆ ರುಜು ಹಾಕಿದಳು. “ಇವ್ರಿಗೆ ನೀವೇನಾಗ್ಬೇಕು?” ಎಂದು ನರ್ಸ್ ಕೇಳಿದರು. “ಜೊತೆಗೆ ಬಂದವಳು,” ಎಂದಳು ನಸ್ರೀನ್.

ರಕ್ತ ಏರಿಸಿದರು. ಆಪರೇಷನ್ ಆಯಿತು. ಎಚ್ಚರವಾದಾಗ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಿತ್ತು. ಬಾಯಿ ಒಣಗಿತ್ತು, ನೀರು ಕೊಡಲಿಲ್ಲ. ಬ್ಯಾರನ್ನಿನ ಸೊಪ್ಪು ಇಳಿಸಿ ಗಂಡ ಬಂದರು, ಮೈಯೆಲ್ಲ ಸೊಪ್ಪಿನ ಘಾಟು.

“ನನ್ನೊಂದ್ ಮಾತ್ ಕೇಳ್ಬಾರ್ದಿತ್ತಾ?”

“ಕೇಳಿದ್ನಲ್ಲ. ಬ್ಯಾರನ್ ಅಂದ್ರಿ.”

ಎಳನೀರು ತಂದಿದ್ದರು, ಕುಡಿಯಲು ಬಿಟ್ಟ ದಿನ ಅದನ್ನು ಕುಡಿದೆ. ಈಗಲೂ ಮುಖ ಗಂಟು ಹಾಕಿಕೊಂಡೇ ಇದ್ದಾರೆ. ಇರಲಿ.

ಓದು ಮುಗಿದು ನಸ್ರೀನ್ ಕಾಬೂಲಿಗೆ ಹೊರಟಳು. ಹೆಂಗಸರಿಗೇ ಒಂದು ಕ್ಲಿನಿಕ್, ಗೇಟಿನಲ್ಲಿ ಯಾರೂ ಯಾರನ್ನೂ ಕೇಳಬಾರದು, ಅದು ಅವಳ ಆಸೆ. ಒಂದು ಸಲ ಫೋನ್ ಮಾಡಿ, ರೂಮು ಸಿಕ್ಕಿದೆ, ಡಾಕ್ಟರು ಸಿಕ್ಕಿಲ್ಲ ಎಂದಳು. ಆಮೇಲೆ ಸುದ್ದಿಯಿಲ್ಲ. ಟಿವಿಯಲ್ಲಿ ಕಾಬೂಲ್ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನೋಡುತ್ತೇನೆ.

“ಇನ್ಮೇಕೆ ನಿಂಗೆ ಜಗಲಿ ಕಾಟ ಇಲ್ಲ ಬುಡು,” ಎಂದರು ಅತ್ತೆ, ಸಮಾಧಾನಕ್ಕೆ. ನಿಜ. ನಾನು ಬದುಕಿದ್ದೇನೆ, ಒಳಗಿದ್ದೇನೆ.

ಮೊನ್ನೆ ದೊಡ್ಡ ಮಗಳು ಮುಟ್ಟಾದಳು. ಹತ್ತನೇ ಕ್ಲಾಸು, ಪರೀಕ್ಷೆ ಹತ್ತಿರ. ಅತ್ತೆ ಅದೇ ಚಾಪೆಯನ್ನು ಜಗಲಿಯ ಮೂಲೆಯಲ್ಲಿ ಹಾಸಿದರು. ಹುಡುಗಿ ಪುಸ್ತಕ ಹಿಡಿದು ಹೋಗಿ ಕೂತಳು. ನಾನು ಎದ್ದು ಹೊರಗೆ ಹೋದೆ. ಅವಳನ್ನು ಎಬ್ಬಿಸಿ ಚಾಪೆ ಸುತ್ತಿದೆ.

“ಕುಯ್ದಿರೋ ಹೊಟ್ಟೆ ಕಣವ್ವ, ಭಾರ ಎತ್ಬ್ಯಾಡ ಅಂದವ್ರೆ ಡಾಕ್ಟ್ರು!” ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಇದೇನ್ ಭಾರ ಇಲ್ಲ ಅತ್ತೆ, ವಸಿ ಜರ್ಗಿ,” ಎಂದು ಚಾಪೆಯನ್ನು ಒಳಗೆ ತಂದು ಹಾಸಿದೆ.